ಫ್ರೆಂಡ್‌ಗೆ ಫ್ರೀಯಾಗಿ ವೆಬ್‌ಸೈಟ್ ಮಾಡ್ಕೊಡೋಕೆ ಹೊರಟಿದೀರಾ? ಮೊದ್ಲು ಇದನ್ನ ಓದಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ವೆಬ್ ಡೆವಲಪರ್ ಅಲ್ಲ. ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಲಾಕ್‌ಡೌನ್ ಟೈಮಲ್ಲಿ ಯೂಟ್ಯೂಬ್ ನೋಡಿ ವರ್ಡ್‌ಪ್ರೆಸ್ (ಕೋಡ್ ಬರೀದೇ ಸೈಟ್ ಮಾಡೋ ಸಾಫ್ಟ್‌ವೇರ್) ಕಲ್ತೆ, ನಂದೇ ಒಂದು ಟ್ರೆಕ್ಕಿಂಗ್ ಬ್ಲಾಗ್ ಮಾಡ್ಕೊಂಡೆ, ಅದನ್ನ ನಾನೂ ನನ್ ಹೆಂಡ್ತೀನೂ ಬಿಟ್ರೆ ಬಹುಶಃ ಯಾರೂ ನೋಡಿಲ್ಲ, ಆದ್ರೂ ನಂಗೆ ವೆಬ್‌ಸೈಟ್ ಮಾಡಕ್ಕೆ ಬರತ್ತೆ ಅನ್ನೋ ಧೈರ್ಯ ಬಂದ್ಬಿಟ್ಟಿತ್ತು. ಆ ಧೈರ್ಯದ ಖರ್ಚು ಕೊಟ್ಟಿದ್ದು ನನ್ ದೋಸ್ತ.

ಅವ್ನು ಶಿರಸಿ ಹತ್ರದೋನು. ಅಡಿಕೆ ತೋಟ, ಜೊತೆಗೆ ಮನೇಲಿ ಆಯಿ ಹಾಕೋ ಅಪ್ಪೆಮಿಡಿ ಉಪ್ಪಿನಕಾಯಿ. 2020ರಲ್ಲಿ ಸುಮ್ನೆ ವಾಟ್ಸಾಪ್ ಸ್ಟೇಟಸ್‌ಗೆ ಭರಣಿ ಫೋಟೋ ಹಾಕಿದ್ದಕ್ಕೆ ಬೆಂಗಳೂರಿಂದ, ಹುಬ್ಳಿಯಿಂದ, ಪುಣೆಯಿಂದ ಎಲ್ಲಾ ಆರ್ಡರ್ ಬರಕ್ಕೆ ಶುರುವಾಯ್ತು. 2022ರ ಜನವರೀಲಿ ಫೋನ್ ಮಾಡಿ "ಮಾರಾಯ, ದಿನಾ ರಾತ್ರಿ ಒಬ್ಬೊಬ್ರಿಗೇ ರೇಟ್ ಟೈಪ್ ಮಾಡಿ ಮಾಡಿ ಬೆರಳು ಸವ್ದೋಯ್ತು, ಒಂದು ವೆಬ್‌ಸೈಟ್ ಮಾಡ್ಕೊಡು" ಅಂದ. ಎರಡು ವಾರ ಸಾಕು, ದುಡ್ಡೇನೂ ಬೇಡ ಅಂದೆ. ಎಡವಟ್ಟು ಅಲ್ಲಿಂದ್ಲೇ ಶುರು.

ಗಮನಿಸಿ, ಅವ್ನು ಕೇಳಿದ್ದು ಏನು? ರೇಟ್ ಟೈಪ್ ಮಾಡೋ ಕಷ್ಟ ತಪ್ಪಬೇಕು, ಅಷ್ಟೇ. ನಾನು ಫೋನಿಟ್ಟ ತಕ್ಷಣ ಮಾಡಿದ್ದೇನು? ಥೀಮ್ (ಸೈಟಿನ ರೆಡಿಮೇಡ್ ಡಿಸೈನ್) ಹುಡುಕಕ್ಕೆ ಕೂತೆ. ಮೂರು ರಾತ್ರಿ ಥೀಮ್, ಎರಡು ರಾತ್ರಿ ಲೋಗೋ, ಆಮೇಲೆ ಮಾವಿನ ಎಲೆ ಮೇಲಿಂದ ಉದುರೋ ಅನಿಮೇಷನ್ನು (ಅದನ್ನ ನೆನೆಸಿಕೊಂಡ್ರೆ ಈಗ್ಲೂ ನಾಚ್ಕೆ ಆಗತ್ತೆ). ಒಂದು ಹಾಳೆ ತಗೊಂಡು ಯಾರು ಬರ್ತಾರೆ, ಬಂದೋರು ಏನು ಕೇಳ್ತಾರೆ, ಏನು ಒತ್ತಿ ಆರ್ಡರ್ ಮಾಡ್ತಾರೆ ಅಂತ ನಾಲ್ಕು ಸಾಲು ಬರ್ಕೊಂಡಿರ್ಲಿಲ್ಲ. ಅವ್ನ ಹಳೇ ವಾಟ್ಸಾಪ್ ಮೆಸೇಜ್‌ಗಳನ್ನ ಅರ್ಧ ಗಂಟೆ ಓದಿದ್ರೆ ಸಾಕಿತ್ತು, ಎಲ್ರೂ ಕೇಳ್ತಿದ್ದಿದ್ದು ಅವೇ ನಾಕೈದು ಪ್ರಶ್ನೆ: ಅರ್ಧ ಕೆಜಿಗೆ ಎಷ್ಟು, ಎಣ್ಣೆ ಹಾಕಿದ್ದಾ ಉಪ್ಪುನೀರಿಂದಾ, ಜೀರಿಗೆ ಮಿಡಿ ಇದ್ಯಾ, ಕೊರಿಯರ್‌ನಲ್ಲಿ ಸೋರಲ್ವಾ, ಎಷ್ಟು ದಿನಕ್ಕೆ ಬರತ್ತೆ. ನನ್ ಹೋಮ್ ಪೇಜಲ್ಲಿ ಇದ್ರಲ್ಲಿ ಒಂದಕ್ಕೂ ಉತ್ತರ ಇರ್ಲಿಲ್ಲ. ಮಲೆನಾಡಿನ ಮಂಜಿನ ಫೋಟೋ ಇತ್ತು, "ಪರಂಪರೆಯ ಸವಿ" ಅಂತ ದೊಡ್ಡ ಅಕ್ಷರ ಇತ್ತು. ಊರಿಗೆ ಹೋಗಿ ಲ್ಯಾಪ್‌ಟಾಪಲ್ಲಿ ತೋರಿಸ್ದಾಗ ಆಯಿ ಕನ್ನಡಕ ಹಾಕ್ಕೊಂಡು ನೋಡಿ ಕೇಳಿದ್ದು ಒಂದೇ, "ತಮಾ, ಇದ್ರಲ್ಲಿ ರೇಟ್ ಎಲ್ಲಿದ್ದು?" ನಾನು ನಕ್ಕು, ಅದು ಒಳಗಿನ ಪೇಜಲ್ಲಿ ಬರತ್ತೆ ಅಂದೆ. ಡಿಸೈನ್ ಬಗ್ಗೆ ನಂಗೆ ಸಿಕ್ಕ ಅತಿ ಒಳ್ಳೇ ಸಲಹೆ ಅದು, ನಕ್ಕು ಬಿಟ್ಟಾಕ್ದೆ.

ಅಕ್ಷರದ ಕಥೆ ಕೇಳಿ, ಇದು ಕನ್ನಡದಲ್ಲಿ ಸೈಟ್ ಮಾಡೋರಿಗೆಲ್ಲಾ ಬೇಕಾಗತ್ತೆ. ಉಪ್ಪಿನಕಾಯಿ ಬಗ್ಗೆ ಬರಹ ಎಲ್ಲಾ ಶಿರಸೀಲಿ ಒಂದು ಪ್ರೆಸ್ಸಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿಸಿದ್ರು, ಹಳೇ ನುಡಿ, ಯೂನಿಕೋಡ್ (ಎಲ್ಲಾ ಫೋನಲ್ಲೂ ಕನ್ನಡ ಕನ್ನಡವಾಗೇ ಕಾಣೋ ಪದ್ಧತಿ) ಅಲ್ಲ. ನಾನು ಅದನ್ನ ಕಾಪಿ ಪೇಸ್ಟ್ ಮಾಡ್ದಾಗ ಏನೇನೋ ಪೌಂಡ್ ಗುರುತು, ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಅಕ್ಷರ ಬಂತು. ನನ್ ಬುದ್ಧಿವಂತಿಕೆ ನೋಡಿ, ಸೈಟಿನ ಫಾಂಟ್ ಹೆಸ್ರನ್ನೇ ನುಡಿ ಅಂತ ಬದಲಾಯಿಸ್ದೆ, ಎಲ್ಲಾ ಅಚ್ಚ ಕನ್ನಡ ಆಗೋಯ್ತು! ಯಾಕಂದ್ರೆ ನನ್ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇತ್ತು. ಬೇರೆ ಯಾರ ಫೋನಲ್ಲೂ ಇರ್ಲಿಲ್ಲ. ಹತ್ತು ದಿನ ಇಡೀ ಸೈಟ್ ಜನಕ್ಕೆ ಕಲಸುಮೇಲೋಗರ ಕಾಣಿಸ್ತಿತ್ತು, ನಂಗೆ ಗೊತ್ತೇ ಇಲ್ಲ, ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗಲ್ಲ ಹಾಗಾಗಿ ಹುಡುಕಿದ್ರೂ ಸಿಗಲ್ಲ. ಆಮೇಲೆ ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡ್ದೆ, ಅದು ಕೆಲವು ಕಡೆ ಅರ್ಕಾವೊತ್ತನ್ನ ಪಕ್ಕದ ಅಕ್ಷರಕ್ಕೆ ಕೊಟ್ಟಿತ್ತು, ಕೂತು ಒಂದೊಂದೇ ತಿದ್ದಬೇಕಾಯ್ತು. ಅಷ್ಟಾದ್ರೂ ಒತ್ತಕ್ಷರದ ಬಾಲ ಕೆಳಗಡೆ ಕಟ್ ಆಗ್ತಿತ್ತು, ಯಾಕಂದ್ರೆ ಥೀಮಿನ ಸಾಲಿನ ಅಂತರ ಇಂಗ್ಲಿಷ್‌ಗೆ ಅಂತ ಇಟ್ಟಿದ್ದು. ಕನ್ನಡಕ್ಕೆ ಲೈನ್ ಹೈಟ್ 1.6ರ ಆಸುಪಾಸು ಬೇಕು, ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಜಾಗ) ಇದ್ರೆ ಸೊನ್ನೆ ಮಾಡ್ಬಿಡಿ, ಫಾಂಟು ನೋಟೋ ಸಾನ್ಸ್ ಕನ್ನಡ ಥರದ್ದು ಯಾವ್ದಾದ್ರೂ ಸೈಟ್ ಜೊತೇಲೇ ಲೋಡ್ ಆಗೋ ಹಾಗೆ ಇಡಿ. ಮತ್ತೆ ಸೈಟ್ ಚೆಕ್ ಮಾಡೋದು ನಿಮ್ ಲ್ಯಾಪ್‌ಟಾಪಲ್ಲಲ್ಲ, ಪಕ್ಕದ್ಮನೆಯೋರ ಫೋನಲ್ಲಿ.

ಫೋಟೋ ವಿಷ್ಯನೂ ಅದೇ. ಕ್ಯಾಮೆರಾದಿಂದ ಬಂದ 6 ಎಂಬಿ ಫೋಟೋ ಐದನ್ನ ಹಾಗೇ ಸ್ಲೈಡರ್‌ಗೆ ಹಾಕಿದ್ದೆ, ನಮ್ಮನೆ ಫೈಬರ್‌ನಲ್ಲಿ ಚಕ್ ಅಂತ ತೆಗೀತಿತ್ತು, ಅವ್ನ ಮನೇಲಿ ಜಗುಲಿ ತುದೀಗೆ ಹೋದ್ರೆ ಒಂದು ಕಡ್ಡಿ ಸಿಗ್ನಲ್. ಅವ್ನ ಸೈಟ್ ಅವ್ನಿಗೇ ತೆಗೀತಿರ್ಲಿಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ (ಕಮ್ಮಿ ಜಾಗ ಹಿಡಿಯೋ ಫೋಟೋ ಫಾರ್ಮ್ಯಾಟ್) ಮಾಡಿದ್ಮೇಲೆ ಒಂದೊಂದು ಫೋಟೋ 150 ಕೆಬಿ ಒಳಗೆ ಬಂತು, ನೋಡಕ್ಕೆ ಒಂಚೂರೂ ವ್ಯತ್ಯಾಸ ಇಲ್ಲ.

ಸೈಟಲ್ಲೇ ದುಡ್ಡು ಕಟ್ಟಿಸ್ಕೊಳೋಕೆ ಬೇಕಾದ ಪೇಮೆಂಟ್ ಗೇಟ್‌ವೇ ಅರ್ಜಿ ಮೊದಲ್ನೇ ಸಲ ರಿಜೆಕ್ಟ್ ಆಯ್ತು. ರಿಫಂಡ್ ಪಾಲಿಸಿ, ಶಿಪ್ಪಿಂಗ್ ಪಾಲಿಸಿ, ಪ್ರೈವೆಸಿ ಪಾಲಿಸಿ, ವಿಳಾಸ ಇರೋ ಕಾಂಟ್ಯಾಕ್ಟ್ ಪೇಜು, ಇದ್ಯಾವ್ದೂ ನನ್ ತಲೇಲೇ ಇರ್ಲಿಲ್ಲ. ಬಾಟಲಿ ಮೇಲಿದ್ದ 14 ಅಂಕಿ ಎಫ್‌ಎಸ್‌ಎಸ್‌ಎಐ (ಆಹಾರ ಮಾರೋರಿಗೆ ಬೇಕಾದ ಲೈಸೆನ್ಸ್) ನಂಬರ್ ಕೂಡ ಸೈಟಲ್ಲಿ ಹಾಕಿರ್ಲಿಲ್ಲ. ಎರಡು ವಾರ ಅಂದಿದ್ದು ನಾಲ್ಕು ತಿಂಗ್ಳಾಯ್ತು, ಮಿಡಿ ಸೀಸನ್ ಮುಗ್ದೇ ಹೋಗಿತ್ತು.

ಇನ್ನೊಂದು ಪಾಪದ ಕೆಲಸ ಮಾಡಿದ್ದೆ. ಆರ್ಡರ್ ಫಾರ್ಮ್‌ಗೆ ಒಂದು ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸೋ ಪುಟ್ಟ ಸಾಫ್ಟ್‌ವೇರ್) ಬೇಕಿತ್ತು, ದುಡ್ಡು ಕೊಟ್ಟು ತಗೊಳೋದು, ನಾನೇ ಫ್ರೀಯಾಗಿ ಮಾಡ್ತಿದೀನಿ ಮತ್ತೆ ಅದಕ್ಕೆ ಬೇರೆ ಕೈಯಿಂದ ಯಾಕೆ ಹಾಕ್ಲಿ ಅಂತ ಒಂದು ಟೆಲಿಗ್ರಾಂ ಗ್ರೂಪಿಂದ ಕ್ರ್ಯಾಕ್ ಮಾಡಿದ್ದನ್ನ ಇಳಿಸ್ಕೊಂಡೆ. ದಸರಾ ಹೊತ್ತಿಗೆ ಗಿರಾಕಿ ಒಬ್ರು ದೋಸ್ತಂಗೆ ಫೋನ್ ಮಾಡಿ, ಏನ್ರೀ ನಿಮ್ ಉಪ್ಪಿನಕಾಯಿ ಒತ್ತಿದ್ರೆ ಇಸ್ಪೀಟ್ ಜೂಜಿನ ಪೇಜ್ ಬರತ್ತೆ ಅಂದ್ರಂತೆ. ನಾನು ತೆಗೆದು ನೋಡ್ತೀನಿ, ಎಲ್ಲಾ ಸರಿಯಾಗೇ ಇದೆ. ಅವ್ರ ಫೋನಲ್ಲಿ ವೈರಸ್ ಇರ್ಬೇಕು ಅಂತ ಅವ್ರ ಮೇಲೇ ಹಾಕ್ದೆ. ಆಮೇಲೆ ಗೊತ್ತಾಗಿದ್ದು, ಗೂಗಲ್‌ನಲ್ಲಿ ಹುಡುಕಿ ಫೋನಿಂದ ಬಂದೋರನ್ನ ಮಾತ್ರ ಆ ಕ್ರ್ಯಾಕ್ ಪ್ಲಗಿನ್ ಜೂಜಿನ ಕಡೆ ತಳ್ತಿತ್ತು, ನೇರ ಅಡ್ರೆಸ್ ಹೊಡೆದು ಬರೋ ನನ್ನಂಥೋರಿಗೆ ಒಳ್ಳೇ ಮುಖ ತೋರಿಸ್ತಿತ್ತು. ಇಂಥ ಕ್ರ್ಯಾಕ್ ಪ್ಲಗಿನ್‌ಗಳಲ್ಲಿ ಈ ಆಟ ಮಾಮೂಲಂತೆ. ಹೋಸ್ಟಿಂಗ್‌ನೋರು (ಸೈಟ್ ಇಡಕ್ಕೆ ಜಾಗ ಕೊಟ್ಟಿರೋ ಕಂಪನಿ) ಅಕೌಂಟ್ ಸಸ್ಪೆಂಡ್ ಮಾಡಿದ್ರು. ಬ್ಯಾಕಪ್ ಇತ್ತಾ ಅಂದ್ರೆ ಇತ್ತು, ಅದೇ ಅಕೌಂಟ್ ಒಳಗೆ.

ಅದನ್ನೆಲ್ಲಾ ಮತ್ತೆ ಕಟ್ಟಿ ನಿಲ್ಲಿಸಿದ್ದೂ ಆಯ್ತು ಅನ್ಕೊಳ್ಳಿ. ಆದ್ರೆ ಅಷ್ಟ್ರಲ್ಲಿ ನಂಗೆ ಸಾಕುಸಾಕಾಗಿತ್ತು. ಫ್ರೀ ಕೆಲಸದ ತೊಂದ್ರೆ ಇದೇ ನೋಡಿ, ದುಡ್ಡು ಕೊಟ್ಟಿದ್ರೆ ಅವ್ನು ಬೈದು ಕೆಲಸ ಮಾಡಿಸ್ಕೋತಿದ್ದ, ಈಗ ಅವ್ನಿಗೆ ಬಾಯಿ ಬಿಟ್ಟು ಕೇಳಕ್ಕೆ ಸಂಕೋಚ, ನಂಗೆ ಅವ್ನ ಹೆಸ್ರು ಫೋನಲ್ಲಿ ಕಂಡ್ರೆ ಕಿರಿಕಿರಿ.

2023ರ ಫೆಬ್ರವರೀಲಿ "ಸೈಟ್ ತೆಗೀತಿಲ್ಲ, ಪುರುಸೊತ್ತಾದಾಗ ನೋಡು" ಅಂತ ಮೆಸೇಜ್ ಹಾಕ್ದ. ಮತ್ತೆ ಹೋಸ್ಟಿಂಗ್ ತೊಂದ್ರೆ ಇರ್ಬೇಕು ಅನ್ಕೊಂಡು "ನೋಡ್ತೀನಿ" ಅಂದೆ. ಮಾರ್ಚಲ್ಲಿ ಇಯರ್ ಎಂಡಿಂಗ್, ಅಕೌಂಟ್ಸ್‌ನೋರಿಗೆ ಊಟಕ್ಕೂ ಟೈಮ್ ಇರಲ್ಲ, ಮತ್ತೆರಡು ಸಲ ಕೇಳ್ದ, ಮತ್ತೆರಡು ಸಲ ನೋಡ್ತೀನಿ ಅಂದೆ. ಏಪ್ರಿಲ್ ಅರ್ಧ ಆದ್ಮೇಲೆ ಲಾಗಿನ್ ಆಗಿ ನೋಡಿದ್ರೆ ಡೊಮೇನೇ ಇಲ್ಲ, ಅಂದ್ರೆ ಸೈಟಿನ ಅಡ್ರೆಸ್ಸೇ ನಮ್ಮದಲ್ಲ.

ಆಗಿದ್ದಿಷ್ಟು. ಡೊಮೇನ್ ತಗೊಂಡಿದ್ದು ನಾನು, ನನ್ ಹಳೇ ಇಮೇಲಲ್ಲಿ, ನನ್ ಕಾರ್ಡಲ್ಲಿ, ಮೊದಲ್ನೇ ವರ್ಷದ ಆಫರ್ ರೇಟಿಗೆ. ಜನವರೀಲಿ ವರ್ಷ ತುಂಬ್ತು, ಆಟೋ ರಿನ್ಯೂವಲ್ ಹಾಕಿದ್ದೆ, ಆದ್ರೆ ಆ ಕಾರ್ಡಿನ ಅವಧಿ ಮುಗ್ದು ಹೊಸ ಕಾರ್ಡ್ ಬಂದಿತ್ತು, ದುಡ್ಡು ಕಟ್ ಆಗ್ಲಿಲ್ಲ. ಡೊಮೇನ್ ಕಂಪನಿಯೋರು ಕಳ್ಸಿದ ಮೇಲ್‌ಗಳೆಲ್ಲಾ ಪ್ರಮೋಷನ್ಸ್ ಟ್ಯಾಬಲ್ಲಿ ಪಿಜ್ಜಾ ಆಫರ್ ಜೊತೆ ಬಿದ್ದಿದ್ವು, ಎಣಿಸಿದೆ, ಏಳು ಮೇಲು. ಡಾಟ್ ಕಾಮ್ ಅವಧಿ ಮುಗಿದ ತಕ್ಷಣ ಹೋಗ್ಬಿಡಲ್ಲ, ಒಂದೊಂದು ಕಂಪನೀಲಿ ಒಂದೊಂದು ಥರ, ಆದ್ರೆ ಹೆಚ್ಚಂದ್ರೆ 45 ದಿನ ಮಾಮೂಲಿ ರೇಟಿಗೇ ರಿನ್ಯೂ ಮಾಡಕ್ಕೆ ಬಿಡ್ತಾರೆ, ಅದಾದ್ಮೇಲೆ 30 ದಿನ ರಿಡೆಂಪ್ಷನ್ ಅಂತ ಇರತ್ತೆ, ಜಾಸ್ತಿ ದುಡ್ಡು ಕಿತ್ರೂ ವಾಪಸ್ ಕೊಡ್ತಾರೆ, ಕೊನೇಗೆ 5 ದಿನ ಯಾರ ಕೈಗೂ ಸಿಗಲ್ಲ, ಆಮೇಲೆ ಯಾರ್ ಬೇಕಾದ್ರೂ ತಗೋಬಹುದು. ನನ್ನ "ನೋಡ್ತೀನಿ"ಗಳು ಈ ಎಲ್ಲಾ ದಿನಗಳನ್ನ ತಿಂದುಹಾಕಿದ್ವು. ಬೇರೆ ಯಾರೋ ತಗೊಂಡಾಗಿತ್ತು, ಮಾರಾಟಕ್ಕಿದೆ ಅಂತ ಬೋರ್ಡ್ ಹಾಕಿ ಕೇಳಿದ ರೇಟು ಅವ್ನ ಒಂದು ಸೀಸನ್ನಿನ ಲಾಭಕ್ಕಿಂತ ಜಾಸ್ತಿ.

ಅಷ್ಟೊತ್ತಿಗೆ ಅವ್ನು ಹೊಸ ಸೀಸನ್‌ಗೆ ಅಂತ 2000 ಲೇಬಲ್ ಪ್ರಿಂಟ್ ಹಾಕ್ಸಿಟ್ಟಿದ್ದ. ಎಲ್ಲಾದ್ರ ಮೇಲೂ ಆ ವೆಬ್‌ಸೈಟ್ ಅಡ್ರೆಸ್ಸು.

ದಯವಿಟ್ಟು ಡೊಮೇನ್ ಮಾತ್ರ ಸೈಟ್ ಯಾರದ್ದೋ ಅವ್ರ ಹೆಸ್ರಲ್ಲಿ, ಅವ್ರ ಇಮೇಲಲ್ಲಿ, ಅವ್ರ ಫೋನ್ ನಂಬರಿಗೆ ಓಟಿಪಿ ಬರೋ ಹಾಗೆ, ಅವ್ರ ದುಡ್ಡಲ್ಲೇ ತಗೊಳ್ಳಿ. ಅವ್ರಿಗೆ ಇದೆಲ್ಲಾ ಗೊತ್ತಾಗಲ್ಲ, ನಾನೇ ನೋಡ್ಕೋತೀನಿ ಅನ್ಬೇಡಿ. ತಗೊಂಡ ಮೇಲೆ ಇಮೇಲ್ ವೆರಿಫೈ ಮಾಡಿ ಅಂತ ಒಂದು ಮೇಲ್ ಬರತ್ತೆ, 15 ದಿನದೊಳಗೆ ಮಾಡ್ದಿದ್ರೆ ಡೊಮೇನ್ ಸಸ್ಪೆಂಡ್ ಆಗತ್ತೆ, ಅದನ್ನ ಅವ್ರ ಪಕ್ಕದಲ್ಲಿ ಕೂತು ಅವ್ರ ಕೈಯಲ್ಲೇ ಮಾಡಿಸಿ. ಪಾಸ್‌ವರ್ಡ್‌ಗಳನ್ನೂ, ಅವಧಿ ಮುಗಿಯೋ ತಾರೀಕನ್ನೂ ಅವ್ರ ಮನೆ ಕ್ಯಾಲೆಂಡರ್ ಹಿಂದಾದ್ರೂ ಬರೆದಿಡಿ ಅಂತೀನಿ, ಸೆಕ್ಯುರಿಟಿ ಪಂಡಿತರು ಬೈದ್ರೆ ಬೈಲಿ.

ಈಗ ಅವ್ನ ಅಕ್ಕನ ಮಗ್ಳು ಒಂದು ಹೊಸ ಅಡ್ರೆಸ್ಸಲ್ಲಿ ಒಂದೇ ಪೇಜಿನ ಸೈಟ್ ಮಾಡ್ಕೊಟ್ಟಿದಾಳೆ. ಮೇಲ್ಗಡೆ ರೇಟು, ಅದ್ರ ಕೆಳಗೆ ಉಪ್ಪುನೀರಿಂದು ಎಣ್ಣೇದು ಅಂತ ಎರಡು ಫೋಟೋ, ಕೆಳಗೆ ವಾಟ್ಸಾಪ್ ಬಟನ್, ಮುಗೀತು. ಒಂದು ಭಾನುವಾರದ ಕೆಲಸ. ಚೆನ್ನಾಗೇ ನಡೀತಿದೆ.

ದೋಸ್ತ ನನ್ ಹತ್ರ ಜಗಳ ಏನೂ ಆಡ್ಲಿಲ್ಲ. ವರ್ಷಾ ವರ್ಷ ನಮ್ಮನೆಗೆ ಎರಡು ಬಾಟಲಿ ಈಗ್ಲೂ ಕಳಿಸ್ತಾನೆ. ಹಳೇ ಲೇಬಲ್ ಇನ್ನೂ ಖಾಲಿ ಆಗಿಲ್ಲ, ಅಡ್ರೆಸ್ ಇದ್ದ ಸಾಲಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಗೆರೆ ಎಳೆದಿರತ್ತೆ, ನೀಟಾಗಿ, ಸ್ಕೇಲ್ ಇಟ್ಟು.