ಕಲಬುರಗಿಯ ಬಿಡಿ ಗುಟ್ಟಿ ಪುಡಿಕೆ: ಯಾವುದು ಇಡಬೇಕು, ಯಾವುದು ತೆಗೆಯಬೇಕು

ಬಾಣಂತಿ ತವರಿಗೆ ಬಂದಳೆಂದರೆ ನಮ್ಮ ಕಡೆ ಮನೆಗೆ ಬರುವ ಸಾಮಾನುಗಳಲ್ಲಿ ಗುಟ್ಟಿಯ ಪುಡಿಕೆಯೂ ಒಂದು. ಗುಟ್ಟಿ ಎಂದರೆ ಬೇರು, ಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ಕೂಸಿಗೆ ಕುಡಿಸುವ ಮನೆಮದ್ದು. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗಿ "ಕೂಸಿನ ಗುಟ್ಟಿ ಸಾಮಾನು ಕೊಡ್ರಿ" ಅಂದರೆ ಸಾಕು, ಡಬ್ಬಿಗಳಿಂದ ಒಂದೊಂದೇ ತುಂಡು ತೆಗೆದು ಕಟ್ಟಿಕೊಡುತ್ತಾರೆ. ಬಜೆ, ಅಳಲೆಕಾಯಿ, ಜಾಜಿಕಾಯಿ, ಮಾಚಿಕಾಯಿ, ಎಡಮುರಿ, ಅತಿವಿಷ, ಅರಿಶಿನ ಕೊಂಬು, ಒಣ ಶುಂಠಿ, ಜೇಷ್ಠಮಧು, ಬಾದಾಮಿ, ಉತ್ತತ್ತಿ. "ಕೂಸಿಗೆ ನೆಗಡಿ, ಕೆಮ್ಮು ಹತ್ತಂಗಿಲ್ಲ" ಎಂಬ ಭರವಸೆಯೂ ಅದರ ಜೊತೆಗೇ ಬರುತ್ತದೆ. ಇಲ್ಲಿ ನೋಡುತ್ತಿರುವುದು ಹೆಸರು, ಚೀಟಿ ಏನೂ ಇಲ್ಲದ ಆ ಬಿಡಿ ಪುಡಿಕೆಯನ್ನು.

ಮೊದಲೇ ಹೇಳಿಬಿಡಬೇಕಾದ ಮಾತು: ಆರು ತಿಂಗಳು ತುಂಬದ ಕೂಸಿಗೆ ಇದರಲ್ಲಿ ಒಂದು ತುಂಡೂ ಬೇಡ. ಆ ವಯಸ್ಸಿಗೆ ಎದೆಹಾಲು ಬಿಟ್ಟು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವೈದ್ಯರು ಬರೆದ ಔಷಧಿ, ವಿಟಮಿನ್ ಹನಿ, ಓಆರ್‌ಎಸ್ ಮಾತ್ರ ಇದಕ್ಕೆ ಹೊರತು. ಹೆರಿಗೆಯಾದ ಮೊದಲ ದಿನಗಳ ದಪ್ಪ ಹಳದಿ ಹಾಲಿನಲ್ಲಿ ಐಜಿಎ ಎಂಬ ಪ್ರತಿಕಾಯ ತುಂಬಿರುತ್ತದೆ. ಅದು ಕೂಸಿನ ಕರುಳಿನ ಒಳಮೈಗೆ ಕಾವಲು ನಿಲ್ಲುತ್ತದೆ. ನಾವು ರೋಗನಿರೋಧಕ ಶಕ್ತಿ ಎನ್ನುವುದರ ಮೊದಲ ಕಂತು ಅದೇ. ಸಾಣೆಕಲ್ಲಿನಿಂದ ಬರುವ ಒಂದು ಚಮಚ ಗುಟ್ಟಿ ಹೊರಗಿನ ಕ್ರಿಮಿಯನ್ನು ಅದೇ ಕರುಳಿಗೆ ಇಳಿಸುತ್ತದೆ. ಕಲಬುರಗಿಯ ಏಪ್ರಿಲ್, ಮೇ ಬಿಸಿಲು 42 ಡಿಗ್ರಿ ಮುಟ್ಟಿದರೂ ಈ ಲೆಕ್ಕ ಬದಲಾಗುವುದಿಲ್ಲ. ಎದೆಹಾಲಿನಲ್ಲಿ ನೂರಕ್ಕೆ 87-88 ಪಾಲು ನೀರೇ. ಬಾಯಾರಿದ ಕೂಸಿಗೆ ಇನ್ನೊಂದು ಸಲ ಹಾಲೂಡಿಸಿದರಾಯಿತು.

ಇನ್ನು ಪುಡಿಕೆ ಬಿಚ್ಚೋಣ. ಮೊದಲು ತೆಗೆದಿಡಬೇಕಾದದ್ದು ಬಜೆ. ಮಾತು ಬೇಗ ಬರಲಿ ಎಂದು ಇದನ್ನು ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಇದರಲ್ಲಿರುವ ಬೀಟಾ ಆಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ನಮ್ಮ ದೇಶದ ಬಜೆಯಲ್ಲಿ ಈ ಅಂಶ ಹೆಚ್ಚು. ಸ್ವಲ್ಪ ಮಿತಿ ಮೀರಿದರೂ ಕೂಸು ವಾಂತಿ ಮಾಡುತ್ತದೆ. ದೀಪಕ್ಕೆ ಹಿಡಿದು ಸುಟ್ಟರೆ ದೋಷ ಹೋಗುತ್ತದೆ ಎನ್ನುವವರಿದ್ದಾರೆ. ಸುಟ್ಟ ಮೇಲೆ ಒಳಗೆ ಎಷ್ಟು ಉಳಿಯಿತು ಎಂದು ಅಳೆಯುವ ದಾರಿ ಮನೆಯಲ್ಲಿಲ್ಲ. ಬಜೆ ಪೋಣಿಸಿದ ಬಳೆಯನ್ನು ಕೈಗೆ ಕಟ್ಟುವುದೂ ಸರಿಯಲ್ಲ, ನಾಲ್ಕು ತಿಂಗಳಾದರೆ ಕೂಸಿನ ಕೈ ಸೀದಾ ಬಾಯಿಗೆ ಹೋಗುತ್ತದೆ.

ಜಾಜಿಕಾಯಿಯದೂ ಅದೇ ಕಥೆ. "ಕೂಸು ಛಂದ ಮಲಗ್ತದ" ಅಂತ ಹಾಕುತ್ತಾರೆ. ಅದು ಮಂಪರು. ಮಂಪರಿನ ಕೂಸು ಹಾಲಿಗೆ ಏಳುವುದಿಲ್ಲ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಕೂತ ಜಾಜಿಕಾಯಿಗೆ ಬೂಷ್ಟು ಬೇಗ, ಅದರ ವಿಷ ತೊಳೆದರೂ ಹೋಗದು.

ಅತಿವಿಷದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗೆಡ್ಡೆ ಇದು, ಪುಡಿಕೆಯಲ್ಲಿ ತುಟ್ಟಿಯಾದದ್ದೂ ಇದೇ. ಆಯುರ್ವೇದದಲ್ಲಿ ಇದಕ್ಕೆ ಶಿಶುಭೈಷಜ್ಯ, ಅಂದರೆ ಕೂಸಿನ ಔಷಧಿ ಎಂದೇ ಹೆಸರು. ಭದ್ರಮುಷ್ಟಿ, ಹಿಪ್ಪಲಿ, ಕರ್ಕಟಕಶೃಂಗಿಯ ಜೊತೆ ಇದು ಸೇರಿದರೆ ಬಾಲಚತುರ್ಭದ್ರ ಚೂರ್ಣ. ತುಟ್ಟಿ ಆದದ್ದಕ್ಕೇ ಬದಲಿ ಮಾಲು ಜಾಸ್ತಿ. ಒಳ್ಳೆಯ ಗೆಡ್ಡೆ ಹೊರಗೆ ಬೂದಿ ಬಣ್ಣ, ಕೈಯಲ್ಲಿ ಮುರಿದರೆ ಪಟ್ ಎಂದು ತುಂಡಾಗುತ್ತದೆ, ಒಳಗೆ ಹಿಟ್ಟಿನ ಹಾಗೆ ಬೆಳ್ಳಗೆ. ಭದ್ರಮುಷ್ಟಿ ಬೆರೆತರೆ ದುಡ್ಡು ಹೋಯಿತು ಅಷ್ಟೇ. ಆದರೆ ಅತಿವಿಷದ ಕುಲದಲ್ಲೇ ವತ್ಸನಾಭಿಯೂ ಇದೆ, ಅದು ಹೃದಯದ ಬಡಿತವನ್ನೇ ಕೆಡಿಸುವ ವಿಷ. ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ. ಬಿಡಿ ಗೆಡ್ಡೆಯನ್ನು ಕೊಳ್ಳದಿರುವುದೇ ಸರಿ.

ಅರಿಶಿನ ಕೊಂಬು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ, ಉಜ್ಜಿದ ಬೆರಳಿಗೆ ಕಡು ಹಳದಿ ಪುಡಿ ಅಂಟಿದರೆ ಅಂಗಡಿಗೇ ವಾಪಸ್ ಕೊಡಿ. ಹೊಳಪಿಗೆ ಹಚ್ಚುವ ಸೀಸದ ಕ್ರೋಮೇಟ್ ಇರಬಹುದು, ಬೆಳೆಯುವ ಮೆದುಳಿಗೆ ಸೀಸ ಇಷ್ಟಾದರೆ ನಡೆಯುತ್ತದೆ ಎಂಬ ಮಿತಿಯೇ ಇಲ್ಲ.

ಅಳಲೆಕಾಯಿ ಹೊಟ್ಟೆ ಸಡಿಲಿಸುತ್ತದೆ, ಮಾಚಿಕಾಯಿ ಕಟ್ಟುತ್ತದೆ. ಎರಡನ್ನೂ ಒಂದೇ ಬಟ್ಟಲಲ್ಲಿ ತೇಯುವುದರಲ್ಲಿ ಅರ್ಥವಿಲ್ಲ. ಭೇದಿಯಾದಾಗ ಮಾಚಿಕಾಯಿ ಹಿಡಿದು ಕೂತರೆ ಕಳೆದ ನೀರು ತುಂಬುವುದಿಲ್ಲ. ಅದಕ್ಕೆ ಬೇಕಾದದ್ದು ಓಆರ್‌ಎಸ್, ಜೊತೆಗೆ ಸತುವಿನ (ಜಿಂಕ್) ಮಾತ್ರೆ: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ಮೇಲೆ 20, ಒಟ್ಟು 14 ದಿನ. ಆರೋಗ್ಯ ಕೇಂದ್ರದಲ್ಲಿ ಎರಡೂ ಪುಕ್ಕಟೆ.

ಪುಡಿಕೆಯ ದೊಡ್ಡ ದೋಷ ಮಾತ್ರ ಸಾಮಾನಿನಲ್ಲಿಲ್ಲ, ತೇಯುವ ಲೆಕ್ಕದಲ್ಲಿದೆ. "ಇದು ಎರಡು ಸುತ್ತು, ಅದು ಮೂರು ಸುತ್ತು" ಎನ್ನುತ್ತಾರೆ ಅಜ್ಜಿಯಂದಿರು. ಒರಟು ಕಲ್ಲಿನಲ್ಲಿ ಎರಡು ಸುತ್ತಿಗೆ ಬರುವುದು ನುಣುಪು ಕಲ್ಲಿನಲ್ಲಿ ಆರು ಸುತ್ತಿಗೂ ಬರಲಿಕ್ಕಿಲ್ಲ. ನಿನ್ನೆಯ ನೀರಿನಲ್ಲಿ ನೆನೆದ ತುಂಡು ಇಂದು ಮೆತ್ತಗಾಗಿ ದುಪ್ಪಟ್ಟು ಸವೆಯುತ್ತದೆ. ಅತ್ತೆಯ ಕೈಯ ಒತ್ತು ಬೇರೆ, ಸೊಸೆಯದು ಬೇರೆ. ಐದು ಕಿಲೋ ತೂಗುವ ದೇಹಕ್ಕೆ ಈ ಏರುಪೇರು ಸಣ್ಣದಲ್ಲ. ತೇಯ್ದ ತುಂಡನ್ನು ಒದ್ದೆಯಾಗಿಯೇ ಡಬ್ಬಿಗೆ ಹಾಕಿ ಮುಚ್ಚುವುದು ಇನ್ನೊಂದು ತಪ್ಪು, ಮರುದಿನಕ್ಕೆ ಬೂಷ್ಟು ತಯಾರು.

ಗುಟ್ಟಿಯನ್ನು ಜೇನಿನಲ್ಲಿ ಕಲಸುವ ರೂಢಿಯೂ ಇದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಎಳೆಯ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಕ್ಷೀಣ ಅಳು, ಹಾಲು ಚೀಪಲು ಆಗದ ಸ್ಥಿತಿ. ಪುಷ್ಯ ನಕ್ಷತ್ರದ ದಿನ ಹಾಕುವ ಸ್ವರ್ಣಪ್ರಾಶನದಲ್ಲೂ ಜೇನಿರುತ್ತದೆ, ಅದಕ್ಕೂ ಇದೇ ಮಾತು.

ಆರು ತಿಂಗಳಾದ ಮೇಲೆ ಈ ಪುಡಿಕೆಯಲ್ಲಿ ಕೊಳ್ಳಲು ಯೋಗ್ಯವಾದದ್ದು ಬಾದಾಮಿ, ಉತ್ತತ್ತಿ. ಅವು ಔಷಧಿಯಲ್ಲ, ಊಟ. ಬಾದಾಮಿ ನೆನೆಸಿ, ಸಿಪ್ಪೆ ತೆಗೆದು ನುಣ್ಣಗೆ ಅರೆದು ರಾಗಿ ಅಂಬಲಿಗೋ ಮೆತ್ತನೆಯ ಅನ್ನಕ್ಕೋ ಕಲಸಿ. ಇಡೀ ಬಾದಾಮಿ ಗಂಟಲಿಗೆ ಸಿಕ್ಕುತ್ತದೆ. ಉತ್ತತ್ತಿಯನ್ನು ಕುದಿಸಿ ಆರಿಸಿದ ನೀರಲ್ಲಿ ನೆನೆಸಿ, ಬೀಜ ತೆಗೆದು ಅರೆಯಿರಿ. ಗುಟ್ಟಿ ಹಾಕಲೇಬೇಕು ಎಂದು ಮನೆಯವರು ಪಟ್ಟು ಹಿಡಿದರೆ ಬಿಡಿ ಸಾಮಾನು ಬಿಟ್ಟು ಆಯುರ್ವೇದ ವೈದ್ಯರ ಹತ್ತಿರ ಹೋಗಿ. ಅವರು ಬರೆದ ಔಷಧಿಯ ಡಬ್ಬಿಯ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ, ಒಳಗಿನ ಸಾಮಾನಿನ ಪಟ್ಟಿ ಇದೆಯೇ ನೋಡಿ.

ನೆಗಡಿ, ಕೆಮ್ಮು ಹತ್ತುವುದಿಲ್ಲ ಎಂಬ ಭರವಸೆಗೆ ಈ ಪುಡಿಕೆಯಿಂದ ಆಧಾರ ಸಿಗುವುದಿಲ್ಲ. ನಾಯಿಕೆಮ್ಮು, ನ್ಯುಮೋನಿಯಾ, ದಡಾರಕ್ಕೆ ತಡೆ ಇರುವುದು ತಾಯಿ ಕಾರ್ಡಿನಲ್ಲಿ ಬರೆದ ಲಸಿಕೆಗಳಲ್ಲಿ: ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ, ಆಮೇಲೆ 6, 10, 14 ವಾರಕ್ಕೆ, ಮತ್ತೆ 9 ತಿಂಗಳು ತುಂಬಿದಾಗ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಗೆ ಎಳೆದರೆ, ಹಾಲು ಬಿಟ್ಟರೆ, ಮೈ ಬಿಸಿಯಾದರೆ ಸಾಣೆಕಲ್ಲು ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ.