ರಾಗ ನುಡಿಸುವ ಗಿಟಾರಿಗೆ ಫ್ಲಾಟ್‌ವೌಂಡ್: ಮೂರನೆಯ ತಂತಿಯನ್ನು ಕೇಳದೆ ಕೊಳ್ಳಬೇಡಿ

ಎಲೆಕ್ಟ್ರಿಕ್ ಗಿಟಾರಿನಲ್ಲಿ ದೇವರನಾಮವನ್ನೋ ಭಾವಗೀತೆಯನ್ನೋ ನುಡಿಸುವವರು ಫ್ಲಾಟ್‌ವೌಂಡ್ ತಂತಿ ಕೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಪೊಟ್ಟಣದ ಮೇಲಿನ ಎರಡು ಸಂಖ್ಯೆಗಳನ್ನು ಸರಿಯಾಗಿ ಅರಿಯದೆ ಕೊಂಡ ನಾನು ಒಂದು ಧ್ವನಿಮುದ್ರಣವನ್ನೂ ಹನ್ನೊಂದು ವರ್ಷ ಜೊತೆಗಿದ್ದ ಗಿಟಾರಿನ ನಟ್ಟನ್ನೂ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ) ಹಾಳುಮಾಡಿಕೊಂಡೆ.

ನನ್ನ ತೊಂದರೆ ಜಾರಿನಿಂದ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳನ್ನು ಜಾರಿಸುವುದರಿಂದ, ಶುರುವಾಯಿತು. ಸಾಮಾನ್ಯ ರೌಂಡ್‌ವೌಂಡ್ ತಂತಿಗೆ ಹೊರಗೆ ಗುಂಡು ಸರಿಗೆ ಸುತ್ತಿರುತ್ತದೆ. ಬೆರಳು ಅದರ ಮೇಲೆ ಜಾರಿದಾಗ ಏಣುಗಳಿಗೆ ಉಜ್ಜಿ ಕೀಚಲು ಸದ್ದು ಬರುತ್ತದೆ. ಕಛೇರಿಯಲ್ಲಿ ಮೃದಂಗದ ನಾದದ ನಡುವೆ ಅದು ಮುಳುಗಿಹೋಗುತ್ತದೆ, ಸ್ಟುಡಿಯೊದಲ್ಲಿ ಮುಳುಗುವುದಿಲ್ಲ. ಪುರಂದರದಾಸರ ಮೂರು ಪದಗಳ ಮುದ್ರಣಕ್ಕೆ ತಯಾರಾಗುತ್ತಿದ್ದಾಗ ಪ್ರತಿ ಜಾರಿಗೂ ಆ ಸದ್ದು ಕೇಳಿ ಮನಸ್ಸು ಕುಗ್ಗಿತು. ಫ್ಲಾಟ್‌ವೌಂಡ್‌ನಲ್ಲಿ ಗುಂಡು ಸರಿಗೆಯ ಬದಲು ಚಪ್ಪಟೆ ಪಟ್ಟಿ ಸುತ್ತಿರುವುದರಿಂದ ಮೈ ನುಣುಪಾಗಿರುತ್ತದೆ, ಕೀಚಲು ಇರುವುದಿಲ್ಲ. ನಾದವೂ ತುಸು ಮಬ್ಬಾಗಿ, ದುಂಡಾಗಿ, ವೀಣೆಗೆ ಹತ್ತಿರವಾಗಿರುತ್ತದೆ. ಇಷ್ಟು ನಿಜ, ಈಗಲೂ ಅದನ್ನೇ ಹೇಳುತ್ತೇನೆ.

ಬೆಂಗಳೂರಿನ ಅಂಗಡಿಯೊಂದರಲ್ಲಿ ಕೇಳಿದಾಗ 12-52ರ ಸೆಟ್ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಗಳ ಅಳತೆ) ಕೈಗಿತ್ತರು. "ಜಾಜ್ ನುಡಿಸುವವರೆಲ್ಲ ಇದನ್ನೇ ಹಾಕುವುದು" ಎಂದರು. ಅಮೆರಿಕದ ಜಾಜ್ ಗಿಟಾರ್ ವಾದಕ ವೆಸ್ ಮಾಂಟ್ಗೊಮೆರಿ ದಪ್ಪ ಫ್ಲಾಟ್‌ವೌಂಡ್ ಹಾಕಿಕೊಂಡು ಹೆಬ್ಬೆರಳಿನಿಂದ ಮೀಟುತ್ತಿದ್ದ ಆ ಬೆಣ್ಣೆಯಂತಹ ನಾದ ನನ್ನ ಕಿವಿಯಲ್ಲಿತ್ತು. ಆದರೆ ಅವರ ಸಂಗೀತ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದರ ಮೇಲೆ ನಿಂತದ್ದಲ್ಲ. ನಮ್ಮದು ಎಳೆತವಿಲ್ಲದೆ ನಿಲ್ಲುವುದೇ ಇಲ್ಲ. ಆ ಪ್ರಶ್ನೆಯನ್ನು ಅಂಗಡಿಯವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನನ್ನ ಗಿಟಾರಿನಲ್ಲಿದ್ದದ್ದು 9-42. ಮೊದಲ ತಂತಿಯ ದಪ್ಪ ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂಬತ್ತು ಭಾಗ. ಅದೇ ಉದ್ದಕ್ಕೆ, ಅದೇ ಶ್ರುತಿಗೆ ತಂತಿಯ ಬಿಗಿ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಒಂಬತ್ತರಿಂದ ಹನ್ನೆರಡಕ್ಕೆ ಹೋದರೆ ಅದೊಂದೇ ತಂತಿಯ ಬಿಗಿ ಸುಮಾರು 6 ಕೆ.ಜಿ.ಯಿಂದ 10.5 ಕೆ.ಜಿ.ಗೆ ಜಿಗಿಯುತ್ತದೆ. ಆರೂ ಸೇರಿ 38 ಕೆ.ಜಿ.ಯ ಆಸುಪಾಸಿನಲ್ಲಿದ್ದದ್ದು 60 ದಾಟುತ್ತದೆ. ನನ್ನದು ಸ್ಪ್ರಿಂಗ್‌ಗಳ ಮೇಲೆ ತೇಲುವ ಬ್ರಿಡ್ಜ್ (ತಂತಿಗಳ ಕೆಳತುದಿಯನ್ನು ಹಿಡಿಯುವ ಭಾಗ). ಹೊಸ ತಂತಿಗಳನ್ನು ಬಿಗಿಯುತ್ತ ಹೋದಂತೆ ಬ್ರಿಡ್ಜ್ ಮುಂದಕ್ಕೆ ಬಾಗಿ ಮೇಲೆದ್ದಿತು. ಒಂದನ್ನು ಶ್ರುತಿಗೆ ತಂದರೆ ಉಳಿದ ಐದೂ ಇಳಿಯುತ್ತಿದ್ದವು. ನೆಕ್ (ಗಿಟಾರಿನ ಕತ್ತು) ಬಿಲ್ಲಿನಂತೆ ಬಾಗಿ ನಡುವಿನ ಮೆಟ್ಟುಗಳ ಮೇಲೆ ತಂತಿ ಎತ್ತರಕ್ಕೆ ನಿಂತಿತು.

ಮತ್ತೆ ಅಂಗಡಿಗೆ ಹೋದೆ. ಅವರು ನೆಕ್‌ನ ಬಾಗನ್ನು ಸರಿಪಡಿಸುವ ಒಳಗಿನ ಕಂಬಿಯನ್ನು, ಅಂದರೆ ಟ್ರಸ್ ರಾಡನ್ನು, ಮುಟ್ಟಲಿಲ್ಲ, ಹಿಂದಿನ ಸ್ಪ್ರಿಂಗ್‌ಗಳನ್ನೂ ನೋಡಲಿಲ್ಲ. "ತಂತಿ ಕೂರುತ್ತಿಲ್ಲ" ಎಂದು ಅರ ತೆಗೆದುಕೊಂಡು ನಟ್ಟಿನ ಕಚ್ಚುಗಳನ್ನು ಅಗಲವಾಗಿಯೂ ಆಳವಾಗಿಯೂ ಉಜ್ಜಿಬಿಟ್ಟರು. ತಡೆಯಬೇಕಿತ್ತು, ತಡೆಯಲಿಲ್ಲ. ಉಳಿದದ್ದೆಲ್ಲವನ್ನೂ ಹಿಂದಕ್ಕೆ ತಿರುಗಿಸಬಹುದು, ಅರ ಉಜ್ಜಿದ ನಟ್ಟು ಹಿಂದಕ್ಕೆ ಬರುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಸ್ಟುಡಿಯೊದಲ್ಲಿ. ನನ್ನ ಹಳೆಯ ಸೆಟ್ಟಿನ ಮೂರನೆಯ ತಂತಿ 16ರ ಸಾದಾ ಉಕ್ಕು. ಹೊಸದರಲ್ಲಿ ಅದೇ ಜಾಗಕ್ಕೆ ಸುತ್ತಿದ ತಂತಿ ಬಂದಿತ್ತು. ಸುತ್ತಿದ ತಂತಿಯಲ್ಲಿ ಹಿಗ್ಗುವುದು ಒಳಗಿನ ಸಣ್ಣ ಎಳೆ ಮಾತ್ರ, ಮೊದಲೇ ಅದರ ಮೇಲೆ ಹೆಚ್ಚಿನ ಬಿಗಿ ಇರುತ್ತದೆ. ಆದ್ದರಿಂದ ಅಷ್ಟೇ ದೂರ ಎಳೆದರೂ ಸ್ವರ ಕಡಿಮೆ ಏರುತ್ತದೆ. ಎರಡು ಮೆಟ್ಟು ಏರುತ್ತಿದ್ದ ಎಳೆತ ಒಂದನ್ನೂ ಮುಟ್ಟದೆ ಸೋತಿತು. ತೋಡಿ ರಾಗದ ಗಾಂಧಾರಕ್ಕೆ ಬೇಕಾದ ತೂಗು ಬರಲೇ ಇಲ್ಲ, ಎಳೆದಷ್ಟೂ ತಗ್ಗಾಗಿಯೇ ಕೇಳಿತು. ಹಾಡುತ್ತಿದ್ದ ಅಕ್ಕ ಎರಡು ಸಲ ನಿಲ್ಲಿಸಿದರು, ಮೂರನೆಯ ಸಲ "ಇವತ್ತು ಬೇಡ" ಎಂದರು. ಕೀಚಲು ಸದ್ದು ಒಂದೂ ಇರಲಿಲ್ಲ. ಗಮಕವೂ ಇರಲಿಲ್ಲ.

ಮನೆಗೆ ಬಂದು ಅಕ್ಕನ ವೀಣೆಯನ್ನು ನೆನೆಸಿಕೊಂಡೆ. ಅಲ್ಲಿ ಸಾರಣಿ, ಪಂಚಮ ಎಂಬ ಮೊದಲ ಎರಡು ತಂತಿಗಳೂ ಸಾದಾ ಉಕ್ಕು, ಸುತ್ತಿದ ತಂತಿ ಇರುವುದು ಮಂದ್ರಕ್ಕೆ, ಅನುಮಂದ್ರಕ್ಕೆ. ಉತ್ತರ ಅವರ ಮನೆಯ ಜಮಖಾನೆಯ ಮೇಲೆಯೇ ಇತ್ತು.

ತಂತಿ ಬದಲಿಸುವಾಗ ಇನ್ನೊಂದು ತಪ್ಪೂ ಆಗಿತ್ತು. ಐದನೆಯ ತಂತಿಯ ಹೆಚ್ಚುವರಿ ತುದಿಯನ್ನು ಕೀಲಿಗೆ ಸುತ್ತುವ ಮೊದಲೇ ಕತ್ತರಿಸಿದೆ. ಒಳಗಿನ ಎಳೆಯ ಮೇಲಿನ ಪಟ್ಟಿ ಸಡಿಲಗೊಂಡು ಸದ್ದು ಸತ್ತುಹೋಯಿತು. ಮೊದಲು ತುದಿಯನ್ನು ಮೂಲೆಯಂತೆ ಮಡಿಸಿ, ಆ ಮಡಿಕೆಯ ಆಚೆಗೆ ಕತ್ತರಿಸಬೇಕು.

ಆಮೇಲೆ ಗಿಟಾರ್ ರಿಪೇರಿಯನ್ನೇ ಕಸುಬಾಗಿ ಮಾಡುವವರೊಬ್ಬರ ಬಳಿ ಮೂಳೆಯ ಹೊಸ ನಟ್ಟು ಹಾಕಿಸಿದೆ. ಹಳೆಯ ನಟ್ಟಿನ ಅಗಲವಾದ ಕಚ್ಚಿನಲ್ಲಿ ಸಣ್ಣ ತಂತಿ ಅಲುಗಾಡಿ ಗಿರಗಿರನೆ ಸದ್ದು ಮಾಡುತ್ತಿದ್ದುದರಿಂದ ಬೇರೆ ದಾರಿ ಇರಲಿಲ್ಲ. ಈಗ ನನ್ನ ಗಿಟಾರಿನಲ್ಲಿರುವುದು 10-48ರ ಫ್ಲಾಟ್‌ವೌಂಡ್. ಅದರಲ್ಲಿಯೂ ಮೂರನೆಯದು ಸುತ್ತಿದ ತಂತಿಯೇ ಬರುತ್ತದೆ. ಅದನ್ನು ತೆಗೆದಿಟ್ಟು ಬಿಡಿಯಾಗಿ ಕೊಂಡ 17ರ ಸಾದಾ ತಂತಿ ಹಾಕಿದ್ದೇನೆ. ಮೊದಲ ಎರಡು ತಂತಿಗಳು ಹೇಗೂ ಸಾದಾ, ಯಾವ ಸೆಟ್ಟಿನಲ್ಲಿಯಾದರೂ ಅವಕ್ಕೆ ವ್ಯತ್ಯಾಸವಿಲ್ಲ. ನುಣುಪಿನ ಲಾಭ ದಪ್ಪನೆಯ ಕೊನೆಯ ಮೂರಕ್ಕೆ ಮಾತ್ರ ಸಿಗುತ್ತದೆ, ಜಾರಿಗೆ ನನಗೆ ಅಷ್ಟು ಸಾಕು. ಹಿಂದೆ ಒಂದು ಸ್ಪ್ರಿಂಗ್ ಹೆಚ್ಚಿಸಿ, ಟ್ರಸ್ ರಾಡ್ ತುಸು ಬಿಗಿದು, ಪ್ರತಿ ತಂತಿಯ ಹನ್ನೆರಡನೆಯ ಮೆಟ್ಟಿನ ಶ್ರುತಿಯನ್ನು ಬ್ರಿಡ್ಜಿನಲ್ಲಿ ಹೊಸದಾಗಿ ಹೊಂದಿಸಿದೆವು. ಅವರು ನಟ್ಟಿಗೆ ಅರ ಮುಟ್ಟಿಸಿದ್ದು ಹೊಸ ತಂತಿಯ ದಪ್ಪವನ್ನು ಅಳೆದ ಮೇಲೆಯೇ.

ಕೊಳ್ಳುವಾಗ ಅಂಗಡಿಯವರನ್ನು ಕೇಳಿ: ಮೂರನೆಯ ತಂತಿ ಸಾದಾ ಇದೆಯೋ, ಸುತ್ತಿದ್ದೋ? ಉತ್ತರ ಗೊತ್ತಿಲ್ಲವೆಂದರೆ ಪೊಟ್ಟಣದ ಹಿಂದೆ ಆರೂ ತಂತಿಗಳ ಅಳತೆ ಅಚ್ಚಾಗಿರುತ್ತದೆ, ಅಲ್ಲಿಯೇ ನಿಂತು ಓದಿ. ದಪ್ಪ ಬದಲಾಗುವುದಾದರೆ ರಿಪೇರಿಯವರನ್ನು ಮೊದಲೇ ಕಂಡು, ಮುದ್ರಣಕ್ಕೆ ಕನಿಷ್ಠ ಎರಡು ವಾರ ಮುಂಚೆ ತಂತಿ ಬದಲಿಸಿ. ನಾನು ಬದಲಿಸಿದ್ದು ಹಿಂದಿನ ಸಂಜೆ.