ಸಪ್ಪೆ ವೇ ಪುಡಿ: ಸ್ಲೀವ್ ಶಸ್ತ್ರಚಿಕಿತ್ಸೆಯಾದ ಮೇಲೆ ಏಳು ತಿಂಗಳು, ಆರು ಪೊಟ್ಟಣ

ಯಾವ ಸುವಾಸನೆಯನ್ನೂ ಸಿಹಿಕಾರಕವನ್ನೂ ಸೇರಿಸದ ವೇ (ಹಾಲು ಒಡೆದಾಗ ಉಳಿಯುವ ತಿಳಿನೀರು) ಪ್ರೊಟೀನ್ ಪುಡಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ‘ಅನ್‌ಫ್ಲೇವರ್ಡ್’ ಎಂದು ಕೇಳಿದರೆ ಕೊಡುವ ಈ ಪದಾರ್ಥಕ್ಕೆ ನಮ್ಮ ಮನೆಯಲ್ಲಿ ಮೊದಲ ದಿನದಿಂದಲೂ ‘ಸಪ್ಪೆ ಪುಡಿ’ ಎಂದೇ ಹೆಸರು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಏಳು ತಿಂಗಳಲ್ಲಿ ಮುಗಿಸಿದ ಆರು ಪೊಟ್ಟಣಗಳು ಮೂರು ಬೇರೆ ಬೇರೆ ಸಂಸ್ಥೆಗಳವು. ಪದಾರ್ಥಗಳ ಪಟ್ಟಿಯಲ್ಲಿ ‘ವೇ ಪ್ರೊಟೀನ್ ಕಾನ್ಸಂಟ್ರೇಟ್’ ಎಂಬ ಒಂದೇ ಸಾಲು ಇದ್ದ ಈ ಪುಡಿಗಳ ನಡುವೆ ನನ್ನ ನಾಲಿಗೆಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ತಿಳಿಯಲಿಲ್ಲ.

ನನಗೆ ಆಗಿರುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ, ಅಂದರೆ ತೂಕ ಇಳಿಸಲೆಂದು ಜಠರದ ಸುಮಾರು ಶೇಕಡಾ 80ರಷ್ಟು ಭಾಗವನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಾಕಾರದ ಕಿರಿದಾದ ಕೊಳವೆಯಾಗಿ ಉಳಿಸುವ ಶಸ್ತ್ರಚಿಕಿತ್ಸೆ. ಇದಾದ ಮೇಲೆ ಮೊದಲು ತಿಳಿ ದ್ರವ, ಆಮೇಲೆ ಮಂದವಾದ ದ್ರವ, ಆಮೇಲೆ ಅರೆದದ್ದು, ಮೆತ್ತಗಿನದು, ಕೊನೆಗೆ ಗಟ್ಟಿ ಆಹಾರ ಎಂಬ ಕ್ರಮದಲ್ಲಿ ಊಟ ಮರಳಿ ಬರುತ್ತದೆ. ಒಂದು ಸಲಕ್ಕೆ ಕಾಲು ಲೋಟ ಇಳಿದರೆ ಅದೇ ಹೆಚ್ಚು ಎನ್ನಿಸುವ ಆ ದಿನಗಳಲ್ಲಿಯೂ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಒಳಗೆ ಹೋಗಬೇಕು. ಇಲ್ಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುವುದು ಹೆಚ್ಚಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಸಸ್ಯಾಹಾರಿಯಾದ ನನಗೆ ಹಾಲು, ಮೊಸರು, ಬೇಳೆಯ ಕಟ್ಟು ಇವಿಷ್ಟರಿಂದಲೇ ಆ ಲೆಕ್ಕವನ್ನು ತುಂಬಿಸುವುದು ಸಾಧ್ಯವಿರಲಿಲ್ಲ. ನೂರು ಮಿಲಿಲೀಟರ್ ಹಾಲಿನಲ್ಲಿರುವುದು ಮೂರು ಗ್ರಾಂಗಿಂತ ಚೂರು ಹೆಚ್ಚು ಪ್ರೊಟೀನ್ ಅಷ್ಟೇ. ಹೀಗಾಗಿ ಪುಡಿಯ ಮೊರೆ ಹೋಗುವುದು ಅನಿವಾರ್ಯವಾಯಿತು.

ಮೊದಲು ಮನೆಗೆ ಬಂದದ್ದು ಸಪ್ಪೆಯದಲ್ಲ, ಚಾಕೊಲೇಟ್ ರುಚಿಯದು. ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದುದು ಅದೇ. ಡಬ್ಬಿಯ ಮುಂಭಾಗದಲ್ಲಿ ಸಕ್ಕರೆ ಸೇರಿಸಿಲ್ಲವೆಂದು ದೊಡ್ಡದಾಗಿ ಮುದ್ರಿಸಿದ್ದರು. ಎರಡು ಗುಟುಕು ಕುಡಿದ ಮೇಲೆ ಬಾಯಿಯಲ್ಲಿ ನಿಂತ ಸಿಹಿ ನೀರು ಮುಕ್ಕಳಿಸಿದರೂ ಹೋಗದೆ ಗಂಟೆಗಟ್ಟಲೆ ಕಾಡಿತು. ಶಸ್ತ್ರಚಿಕಿತ್ಸೆಯ ನಂತರ ಹಲವರಿಗೆ ರುಚಿಯ ಗ್ರಹಿಕೆಯೇ ಬದಲಾಗಿ, ಹಿಂದೆ ಹಿತವಾಗಿದ್ದ ಸಿಹಿ ಆಗ ವಾಕರಿಕೆ ತರಿಸುವಷ್ಟು ಅತಿಯಾಗುತ್ತದೆ, ನಾನೂ ಅವರಲ್ಲೊಬ್ಬ. ನಾಲ್ಕನೆಯ ದಿನ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆಗೇ ಹೊಟ್ಟೆ ತೊಳಸಲು ಆರಂಭವಾದದ್ದರಿಂದ ಅದನ್ನು ಪಕ್ಕಕ್ಕಿಟ್ಟು, ಅದರ ಹಿಂಬದಿಯನ್ನು ಮೊದಲ ಬಾರಿಗೆ ಓದಿದೆ.

ಹಿಂಬದಿಯಲ್ಲಿ ಇದ್ದದ್ದು ‘ಸಿಹಿಕಾರಕ (ಐಎನ್‌ಎಸ್ 955, ಐಎನ್‌ಎಸ್ 950)’ ಎಂಬ ಸಣ್ಣ ಅಕ್ಷರದ ಸಾಲು. ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟಿರುವ ಅಂತಾರಾಷ್ಟ್ರೀಯ ಸಂಖ್ಯೆ. ಇಂಥ ಅಂಕಿಗಳು ನಮ್ಮಂಥವರಿಗೆ ಬಾಯಿಪಾಠವಾಗಿರುವುದು ಒಳ್ಳೆಯದು. 950 ಎಂದರೆ ಅಸೆಸಲ್ಫೇಮ್ ಪೊಟ್ಯಾಸಿಯಂ, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾಗಿರುವುದರಿಂದ ಚಿಟಿಕೆಯ ಒಂದು ಅಂಶ ಸಾಕು. ಅದಕ್ಕೇ ಡಬ್ಬಿಯ ಮುಂಭಾಗದಲ್ಲಿ ಸಕ್ಕರೆ ಸೇರಿಸಿಲ್ಲವೆಂದು ಬರೆದುಕೊಳ್ಳಲು ಬರುತ್ತದೆ. ‘ನೈಸರ್ಗಿಕ’ ಎಂಬ ಹೆಸರಿನಲ್ಲಿ ಬರುವ ಸ್ಟೀವಿಯಾದ ಸಂಖ್ಯೆ 960. ಅದನ್ನು ಹೆಚ್ಚಾಗಿ 968ರ ಎರಿತ್ರಿಟಾಲ್ ಜೊತೆ ಬೆರೆಸಿರುತ್ತಾರೆ. 420ರ ಸಾರ್ಬಿಟಾಲ್ ಮತ್ತು 965ರ ಮಾಲ್ಟಿಟಾಲ್ ಕರುಳಿನಲ್ಲಿ ಪೂರ್ತಿಯಾಗಿ ಹೀರಲ್ಪಡದೆ ದೊಡ್ಡ ಕರುಳಿನವರೆಗೂ ಸಾಗಿ ಅಲ್ಲಿ ಹುದುಗುವುದರಿಂದ ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ತರಬಲ್ಲವು. ‘ಮಧುಮೇಹಿಗಳಿಗಾಗಿ’ ಎಂದು ಮಾರುವ ಬಿಸ್ಕತ್ತೊಂದರ ಎರಡೇ ಎರಡು ತುಂಡಿನಿಂದ ಮೂರನೆಯ ತಿಂಗಳಲ್ಲಿ ನಾನು ಅನುಭವಿಸಿದ್ದು ಇದನ್ನೇ. ಆ ರಾತ್ರಿಯ ವಿವರಗಳು ಓದುಗರಿಗೆ ಬೇಡ. ಹಾಗೆಂದು ಪಟ್ಟಿಯಲ್ಲಿ ಕಂಡ ಅಂಕಿಗಳಿಗೆಲ್ಲ ಹೆದರಬೇಕಾಗಿಲ್ಲ. 322 ಎಂದರೆ ಲೆಸಿಥಿನ್, ಪುಡಿ ಗಂಟಾಗದೆ ನೀರಿನಲ್ಲಿ ಬೆರೆಯಲು ಹಾಕುವ ಪದಾರ್ಥ, ಸಿಹಿಗೂ ಅದಕ್ಕೂ ಸಂಬಂಧವಿಲ್ಲ.

ಕೃತಕ ಸಿಹಿಕಾರಕಗಳು ವಿಷವೆಂದು ನಾನು ಹೇಳುತ್ತಿಲ್ಲ. ಆಸ್ಪರ್ಟೇಮನ್ನು 2023ರ ಜುಲೈಯಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದಾಗಲೂ, ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಮಿತಿಯನ್ನು ಆಹಾರದ ಸೇರ್ಪಡೆಗಳನ್ನು ಪರಿಶೀಲಿಸುವ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಬದಲಿಸಲಿಲ್ಲ. ನನ್ನ ನಿರ್ಧಾರಕ್ಕೆ ಹೆಚ್ಚು ಸಂಬಂಧಿಸಿದ್ದು ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ: ತೂಕವನ್ನು ಹತೋಟಿಯಲ್ಲಿಡುವ ಸಾಧನವಾಗಿ ಸಕ್ಕರೆಯಲ್ಲದ ಸಿಹಿಕಾರಕಗಳನ್ನು ಬಳಸಬಾರದೆಂದು ಅದು ಸಲಹೆ ಮಾಡಿತು, ಸ್ಟೀವಿಯಾವನ್ನೂ ಆ ಪಟ್ಟಿಯಲ್ಲಿಯೇ ಇಟ್ಟಿತು. ಅದು ಷರತ್ತಿಗೊಳಪಟ್ಟ ಸಲಹೆ. ಈಗಾಗಲೇ ಮಧುಮೇಹವಿರುವವರಿಗೆ ಅನ್ವಯಿಸುವುದಿಲ್ಲವೆಂಬ ಮಾತೂ ಅದರಲ್ಲಿದೆ. ನನಗೆ ಮಧುಮೇಹವಿಲ್ಲ. ಊಟವಾದ ಮೇಲೆ ಏನಾದರೂ ಸಿಹಿ ಬೇಕೆನ್ನುವ ಮೂವತ್ತು ವರ್ಷಗಳ ಚಾಳಿ ಇತ್ತು, ಮತ್ತು ಹೊಟ್ಟೆಯನ್ನು ಕತ್ತರಿಸಿಕೊಂಡ ಮೇಲೂ ಅದೇ ಚಾಳಿಯನ್ನು ಬೇರೊಂದು ಪುಡಿಯಿಂದ ಸಾಕಿಕೊಂಡು ಹೋಗುವುದು ನನಗೆ ಸರಿಯೆನ್ನಿಸಲಿಲ್ಲ.

ಇದನ್ನು ಕೇಳಿದ ಅಮ್ಮ ಕೂಡಲೇ, “ಹಾಗಾದ್ರೆ ಒಂದು ಚೂರು ಬೆಲ್ಲ ಹಾಕಿ ಕದಡಿಕೊಡ್ಲೇನೋ?” ಎಂದು ಕೇಳಿದರು. ಸಿಹಿಕಾರಕ ಬೇಡವೆಂದು ತೀರ್ಮಾನಿಸಿದ ಪ್ರತಿಯೊಬ್ಬರ ಮನೆಯಲ್ಲಿಯೂ ಈ ಪ್ರಶ್ನೆ ಬಂದೇ ಬರುತ್ತದೆ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸೇ, ಜೇನುತುಪ್ಪವೂ ಸಕ್ಕರೆಯೇ. ಜಠರದಲ್ಲಿ ತಂಗದೆ ಸಣ್ಣ ಕರುಳಿಗೆ ನುಗ್ಗುವ ಸಕ್ಕರೆಯಿಂದ ಬೆವರು, ಎದೆಬಡಿತ, ಹೊಟ್ಟೆನುಲಿತ, ತಲೆಸುತ್ತು ಬರುವ ಸ್ಥಿತಿಗೆ ಡಂಪಿಂಗ್ ಎನ್ನುತ್ತಾರೆ. ಅದು ಜಠರದ ಬೈಪಾಸ್ (ಆಹಾರವು ಜಠರದ ಬಹುಭಾಗವನ್ನು ಬಿಟ್ಟು ಸಣ್ಣ ಕರುಳಿಗೆ ಹೋಗುವಂತೆ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ಹೆಚ್ಚಾದರೂ ಸ್ಲೀವ್‌ನವರನ್ನೂ ಪೂರ್ತಿಯಾಗಿ ಬಿಡುವುದಿಲ್ಲ. ಆದ್ದರಿಂದ ಸಕ್ಕರೆಗೆ ಬದಲು ಇನ್ನೊಂದು ಸಿಹಿಯನ್ನು ಹುಡುಕುವ ಬದಲು, ಪ್ರೊಟೀನ್ ಪುಡಿ ಸಿಹಿಯಾಗಿಯೇ ಇರಬೇಕೆಂಬ ನಿಯಮ ಎಲ್ಲಿಂದ ಬಂತೆಂದು ಯೋಚಿಸಿದೆ. ಹಾಲಿನಲ್ಲಿ ಕದಡಿ ಕುಡಿಯುವ ಪೇಯಗಳ ಅಭ್ಯಾಸವಿರುವವರು ಮಾಡಿಕೊಂಡ ನಿಯಮವಿರಬೇಕು ಅದು. ಉಪ್ಪು, ಹುಳಿ, ಒಗ್ಗರಣೆಗಳ ನಮ್ಮ ಅಡುಗೆಮನೆಗೆ ಅದರ ಹಂಗಿಲ್ಲ.

ಸಪ್ಪೆ ಪುಡಿ ತನ್ನ ಬೆಲೆಯನ್ನು ತೀರಿಸಿಕೊಂಡದ್ದು ಮಜ್ಜಿಗೆಯಲ್ಲಿ. ಹಾಲಿನ ಎರಡು ಬಗೆಯ ಪ್ರೊಟೀನ್‌ಗಳಲ್ಲಿ ಹುಳಿ ತಾಗಿದರೆ ಒಡೆಯುವುದು ಕೇಸೀನ್. ಚೀಸ್ ಮಾಡುವಾಗ ಹಾಲು ಗಡ್ಡೆಕಟ್ಟಿ ಬೇರ್ಪಟ್ಟ ಮೇಲೆ ಉಳಿಯುವ ತಿಳಿನೀರಿನಿಂದ ತೆಗೆಯುವ ವೇ ಹುಳಿಗೆ ಜಗ್ಗುವುದಿಲ್ಲ. ಹೀಗಾಗಿ ಎಷ್ಟು ಹುಳಿಯಾದ ಮಜ್ಜಿಗೆಯಲ್ಲಿಯೂ ಅದು ತೆಪ್ಪಗೆ ಬೆರೆಯುತ್ತದೆ, ಮತ್ತು ಪುಡಿಗೆ ಸಹಜವಾಗಿ ಇರುವ ಹಾಲಿನ ಪುಡಿಯಂಥ ಸೌಮ್ಯ ವಾಸನೆ ಮಜ್ಜಿಗೆಯ ಹುಳಿಯಲ್ಲಿ ಮುಳುಗಿಹೋಗುತ್ತದೆ. ನೀರಿನಲ್ಲಿ ಕುಡಿದರೆ ಅದೇ ವಾಸನೆ ಎದ್ದು ಕಾಣುತ್ತದೆ. ನೀರಿನಲ್ಲಿ ಕುಡಿಯುವುದನ್ನು ನಾನು ಯಾರಿಗೂ ಹೇಳಲಾರೆ. ಬೆಣ್ಣೆ ತೆಗೆದ ಮಜ್ಜಿಗೆ, ಚಿಟಿಕೆ ಉಪ್ಪು, ಜಜ್ಜಿ ಸೋಸಿದ ಶುಂಠಿಯ ರಸದ ಎರಡು ಹನಿ, ಕರಿಬೇವಿನ ಒಂದೆಸಳನ್ನು ಕಿವುಚಿ ತೆಗೆದ ಘಮ, ಇಷ್ಟಿದ್ದರೆ ಔಷಧಿ ಕುಡಿಯುತ್ತಿದ್ದೇನೆಂಬ ಭಾವನೆಯೇ ಹೋಗುತ್ತದೆ. ಹಸಿಮೆಣಸಿನಕಾಯಿಗೆ ಎರಡು ತಿಂಗಳು ಕಾಯಬೇಕಾಯಿತು.

ಬೆರೆಸುವ ಕ್ರಮದಲ್ಲಿ ಮಾತ್ರ ಅವಸರ ಸಲ್ಲದು. ಲೆಸಿಥಿನ್ ಇಲ್ಲದ ಪುಡಿಯನ್ನು ಲೋಟದ ಮೇಲಿಂದ ಸುರಿದರೆ ಒಳಗೆ ಒಣಗಿದ, ಹೊರಗೆ ಅಂಟಂಟಾದ ಗಂಟುಗಳು ಏಳುತ್ತವೆ. ಅಂಬಲಿಗೆ ರಾಗಿ ಹಿಟ್ಟನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಕದಡಿಕೊಳ್ಳುವಂತೆಯೇ ಇದನ್ನೂ ಎರಡು ಚಮಚ ನೀರಿನಲ್ಲಿ ಪೇಸ್ಟಿನಂತೆ ಕಲೆಸಿಕೊಂಡು, ಆಮೇಲೆ ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವೇ ಹೊಯ್ದರೆ ಗಂಟಿನ ತೊಂದರೆ ಇರದು. ಡಬ್ಬಿಯ ಜೊತೆ ಬರುವ ಶೇಕರಿನಲ್ಲಿ ಕುಲುಕುವುದು ಜಿಮ್ಮಿಗೆ ಹೋಗುವವರಿಗೆ ಸರಿಯಿರಬಹುದು. ನಮಗೆ ಅದರಿಂದ ಏಳುವ ನೊರೆಯೇ ಶತ್ರು, ಏಕೆಂದರೆ ನೊರೆಯೊಂದಿಗೆ ನುಂಗಿದ ಗಾಳಿಗೆ ಆ ಕಿರಿದಾದ ಜಠರದಲ್ಲಿ ಜಾಗವಿಲ್ಲ. ಚಮಚದಿಂದಲೋ ಕಡಗೋಲಿನಿಂದಲೋ ನಿಧಾನವಾಗಿ ತಿರುಗಿಸಿ, ಹದಿನೈದು ನಿಮಿಷ ಹಾಗೆಯೇ ಬಿಟ್ಟು, ನೊರೆ ಇಳಿದ ಮೇಲೆ ಗುಟುಕರಿಸಬೇಕು.

ಸಾರಿನ ಕಥೆ ಬೇರೆ. ಹುಳಿಗೆ ಜಗ್ಗದ ವೇ ಬಿಸಿಗೆ ಜಗ್ಗುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮುದುಡಿ ಕಾಳುಕಾಳಾಗುತ್ತದೆ. ಕುದಿಯುತ್ತಿದ್ದ ಸೋಸಿದ ಬೇಳೆಸಾರಿಗೆ ಒಮ್ಮೆ ನೇರವಾಗಿ ಹಾಕಿ, ಒಡೆದ ಹಾಲಿನಂಥ ಪದಾರ್ಥವನ್ನು ಪಡೆದೆ. ಪೋಷಕಾಂಶ ಹಾಳಾಗುವುದಿಲ್ಲವೆಂದು ಡಯಟಿಷಿಯನ್ ಹೇಳಿದರೂ ಅದನ್ನು ಬಾಯಿಗಿಡುವ ಧೈರ್ಯವಾಗಲಿಲ್ಲ. ಸಾರು ಬೆರಳದ್ದಿದರೆ ತಾಳುವಷ್ಟು ಆರಿದ ಮೇಲೆ, ಬೇರೆಯಾಗಿ ಕದಡಿಟ್ಟ ಪುಡಿಯನ್ನು ಸೇರಿಸಿದರೆ ಸಾಕು, ಮತ್ತೆ ಒಲೆಗೇರಿಸಬಾರದು. ಸಾರಿನ ತಿಳಿ ಹೋಗಿ ಸ್ವಲ್ಪ ಮೊಸರು ಬೆರೆಸಿದ ಬಣ್ಣ ಬರುತ್ತದೆ, ರುಚಿ ಒಂದು ಸುತ್ತು ಮಂದವಾಗುತ್ತದೆ. ಮೆಣಸು, ಜೀರಿಗೆಯನ್ನು ಸ್ವಲ್ಪ ಮುಂದೆ ಮಾಡಿದರೆ ಅದೂ ಗೊತ್ತಾಗುವುದಿಲ್ಲ. ಅರೆದ ಆಹಾರದ ಹಂತ ಬಂದಾಗ ಹೆಸರುಬೇಳೆ ತೊವ್ವೆಗೂ ತಣಿದ ರಾಗಿ ಅಂಬಲಿಗೂ ಇದೇ ಕ್ರಮ. ಸಿಹಿ ರುಚಿಯ ಪುಡಿ ಇವುಗಳಲ್ಲಿ ಯಾವುದಕ್ಕೂ ಒಗ್ಗುತ್ತಿರಲಿಲ್ಲ.

ಪ್ರಮಾಣವನ್ನು ಹೇಳುವುದಾದರೆ, ಕಾನ್ಸಂಟ್ರೇಟಿನ 30 ಗ್ರಾಂ ಸ್ಕೂಪಿನಲ್ಲಿ ಸುಮಾರು 24 ಗ್ರಾಂ ಪ್ರೊಟೀನ್ ಇರುತ್ತದೆ. ಮೊದಲ ಎರಡು ತಿಂಗಳು ದಿನಕ್ಕೆ ಒಂದೂವರೆ ಸ್ಕೂಪನ್ನು ಐದು ಬಾರಿಗೆ ಹಂಚಿಕೊಂಡೆ. ಒಂದೇ ಸಲಕ್ಕೆ ಇಡೀ ಸ್ಕೂಪು ಕುಡಿಯಬೇಕೆಂಬ ಪೊಟ್ಟಣದ ಸೂಚನೆ ನಮಗಾಗಿ ಬರೆದದ್ದಲ್ಲ. ಒಂದು ಕಿಲೋಗ್ರಾಂ ಪೊಟ್ಟಣಕ್ಕೆ ನಾನು ಕೊಟ್ಟದ್ದು ಎರಡು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಅಂದರೆ ಒಂದು ಸ್ಕೂಪಿಗೆ ಅರವತ್ತು ರೂಪಾಯಿಯ ಆಸುಪಾಸು. ಅಗ್ಗವೆನ್ನಲಾರೆ. ಮೊಟ್ಟೆ ತಿನ್ನುವವರಿಗೆ ಗಟ್ಟಿ ಆಹಾರದ ಹಂತದಲ್ಲಿ ನಾಲ್ಕು ಮೊಟ್ಟೆಗಳಿಂದ ಇಷ್ಟೇ ಪ್ರೊಟೀನ್ ಅರ್ಧ ಬೆಲೆಗೆ ದೊರೆಯುತ್ತದೆ.

ಕೊಳ್ಳುವ ಮುನ್ನ ತಿಳಿದಿರಬೇಕಾದ ಕೊರತೆಯೂ ಇದೆ. ಕಾನ್ಸಂಟ್ರೇಟಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸ್ವಲ್ಪ ಉಳಿದಿರುತ್ತದೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಿಗೆ ಇದರಿಂದಲೂ ಹಾಗೆಯೇ ಆದೀತು. ಅಂಥವರು ಲ್ಯಾಕ್ಟೋಸ್ ಬಹಳ ಕಡಿಮೆಯಿರುವ, ಬೆಲೆ ಹೆಚ್ಚಿರುವ ‘ವೇ ಐಸೊಲೇಟ್’ ಎಂಬ ಇನ್ನೊಂದು ಬಗೆಯನ್ನು ನೋಡಬೇಕು, ಅದರಲ್ಲಿಯೂ ಸಪ್ಪೆಯದು ಸಿಗುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಯಾವ ಪ್ರೊಟೀನ್ ಪುಡಿಯನ್ನೂ ಮುಟ್ಟಬಾರದು. ಇನ್ನೊಂದು ವಿಷಯ: ಪುಡಿಯಿಂದ ಸಿಹಿಕಾರಕವನ್ನು ಹೊರಗಟ್ಟಿದ ಹುಮ್ಮಸ್ಸಿನಲ್ಲಿ ನಾನು ಔಷಧಿಗಳ ಚೀಟಿಗಳನ್ನೂ ಓದತೊಡಗಿದೆ. ಜಗಿಯುವ ವಿಟಮಿನ್ ಮಾತ್ರೆ, ನೀರಿನಲ್ಲಿ ಕರಗಿಸುವ ಗುಳಿಗೆ, ಆಮ್ಲಶಮನದ ಸಿರಪ್ಪು ಇವುಗಳಲ್ಲಿ ಅನೇಕದರಲ್ಲಿ ಅದೇ ಸ್ಯಾಕರಿನ್, ಸಾರ್ಬಿಟಾಲ್, ಆಸ್ಪರ್ಟೇಮ್ ಕಂಡವು. ಅವನ್ನು ನಾನಾಗಿ ನಿಲ್ಲಿಸಲಿಲ್ಲ. ನಿಲ್ಲಿಸಲೂಬಾರದು, ಏಕೆಂದರೆ ಈ ಶಸ್ತ್ರಚಿಕಿತ್ಸೆಯಾದವರಿಗೆ ಬಿ12, ಕಬ್ಬಿಣ, ಕ್ಯಾಲ್ಸಿಯಂಗಳ ಕೊರತೆ ಸಿಹಿಕಾರಕಕ್ಕಿಂತ ಎಷ್ಟೋ ಪಾಲು ದೊಡ್ಡ ಅಪಾಯ. ಮಾತ್ರೆ ನುಂಗಲು ಅನುಮತಿ ಸಿಕ್ಕ ಮೇಲೆ ವೈದ್ಯರೇ ಜಗಿಯುವುದರ ಬದಲು ನುಂಗುವುದನ್ನು ಬರೆದುಕೊಟ್ಟರು.

ಈಗ ಎರಡು ಹಿಡಿ ಅನ್ನದೊಂದಿಗೆ ಬೇಳೆ, ಪನೀರ್, ಮೊಳಕೆಕಾಳು ಎಲ್ಲವೂ ಒಳಗೆ ಹೋಗುತ್ತಿರುವುದರಿಂದ ಪುಡಿ ದಿನಕ್ಕೆ ಅರ್ಧ ಸ್ಕೂಪಿಗೆ ಇಳಿದಿದೆ, ಅದೂ ಸಂಜೆಯ ಮಜ್ಜಿಗೆಗೆ ಮಾತ್ರ. ಆರನೆಯ ಪೊಟ್ಟಣ ಮೊನ್ನೆ ಖಾಲಿಯಾಯಿತು. ಏಳನೆಯದನ್ನು ಅರ್ಧ ಕಿಲೋ ಅಳತೆಯದು ತರಿಸಿದ್ದೇನೆ.